ಸಾಲಾಗಿ ಸೊನ್ನೆಗಳೇ ಬಂದರೆ ಲೆಕ್ಕ ತಪ್ಪೋದಿಲ್ವಾ?

ಪ್ರಶ್ನೆ: ಮೇಷ್ಟ್ರೇ, ಹೋದ ತಿಂಗಳು ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದೆವು. ಬೆಳಕು ಇದ್ದರೆ 1, ಇಲ್ಲದಿದ್ದರೆ 0 ಅಂತ ಮಗಳು ಹೇಳಿದಳು. ಹಾಗಾದರೆ ಸಾವಿರ ಸೊನ್ನೆ ಸಾಲಾಗಿ ಬಂದರೆ ಬರೀ ಕತ್ತಲೆ ಅಲ್ವಾ? ಬಂದದ್ದು ಸಾವಿರವೋ, ಸಾವಿರದ ಒಂದೋ ಅಂತ ಆ ತುದಿಗೆ ಹೇಗೆ ಗೊತ್ತಾಗುತ್ತದೆ?
— ಓದುಗರೊಬ್ಬರು, ಸಾಗರ

ಉತ್ತರ: ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದೆ. ಇದನ್ನು ತಾನಾಗಿ ಕೇಳಿದ ಹುಡುಗರು ಬಹಳ ಕಡಿಮೆ. ಖುಷಿಯಾಯಿತು.

ಪೂರ್ತಿ ಕತ್ತಲೆಯೇನೂ ಅಲ್ಲ. 0 ಕಳಿಸುವಾಗಲೂ ಲೇಸರ್ ಮಂಕಾಗಿ ಉರಿಯುತ್ತಿರುತ್ತದೆ. ಆದರೂ ನೀವು ಹೇಳಿದ ತೊಂದರೆ ನಿಜ. ಸಿಗ್ನಲ್ಲಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಲ್ಯಾಬಿನ ಆಸಿಲೋಸ್ಕೋಪಿನಲ್ಲಿ 1010 ಅಂತ ಕಳಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. ಬರೀ ಸೊನ್ನೆ ಕಳಿಸಿದರೆ ಗೆರೆ ಸುಮ್ನೆ ಮಲಗಿಬಿಡುತ್ತಿತ್ತು. ಆ ಗೆರೆಯಲ್ಲಿ ಎಷ್ಟು ಸೊನ್ನೆ ಅಂತ ಎಣಿಸುವುದು ಹೇಗೆ? ಎರಡೂ ತುದಿಯ ಗಡಿಯಾರಗಳು ಬೇರೆ ಬೇರೆ. ಅವುಗಳ ನಡುವೆ 10,000ಕ್ಕೆ 1ರಷ್ಟು ವ್ಯತ್ಯಾಸವಿದ್ದರೂ ಸಾಕು, 10,000 ಸೊನ್ನೆ ದಾಟುವಷ್ಟರಲ್ಲಿ ಒಂದು ಬಿಟ್, ಅಂದರೆ ಒಂದು 0 ಇಲ್ಲವೇ 1, ತಪ್ಪಿರುತ್ತದೆ. ಬೆಳಕು ಏರಿಳಿದಾಗಲೆಲ್ಲ ಪಡೆಯುವ ಕಡೆಯ ಗಡಿಯಾರ ತನ್ನನ್ನು ಸರಿಮಾಡಿಕೊಳ್ಳುತ್ತದೆ. ಅದಕ್ಕೇ ಏರಿಳಿತ ಬೇಕೇ ಬೇಕು.

ನಮ್ಮದು ತಿಪಟೂರು ಕಡೆ. ತೋಟದಲ್ಲಿ ಕಾಯಿ ಎಣಿಸುವಾಗ ನೂರಾದ ಕೂಡಲೇ ಅಪ್ಪ ಒಂದು ಕಾಯಿ ಪಕ್ಕಕ್ಕಿಡುತ್ತಿದ್ದರು. ಮಧ್ಯೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಫೈಬರಿನಲ್ಲೂ ಇಂಥ ಗುರುತು ಇಡುತ್ತಾರೆ. ಎಷ್ಟಕ್ಕೊಂದು ಇಡಬೇಕು ಅನ್ನುವುದರಲ್ಲೇ ಜಾಣತನ ಇರುವುದು.

1983ರಲ್ಲಿ ಐಬಿಎಂ ಕಂಪನಿಯ ವಿಡ್ಮರ್ ಮತ್ತು ಫ್ರಾನಸೆಕ್ ಒಂದು ದಾರಿ ಪ್ರಕಟಿಸಿದರು. 8 ಬಿಟ್ಟಿಗೆ ಬದಲಾಗಿ, ಚೆನ್ನಾಗಿ ಏರಿಳಿಯುವ 10 ಬಿಟ್ ಕಳಿಸುವುದು. ಹಾಗೆ ಮಾಡಿದರೆ ಐದಕ್ಕಿಂತ ಜಾಸ್ತಿ ಸೊನ್ನೆ ಸಾಲಾಗಿ ಬರುವುದೇ ಇಲ್ಲ. ಭದ್ರವಾದ ಉಪಾಯ, ಆದರೆ ದುಬಾರಿ. ಕಂಪ್ಯೂಟರುಗಳನ್ನು ಜೋಡಿಸುವ ಗಿಗಾಬಿಟ್ ಫೈಬರ್ ಈಥರ್ನೆಟ್‌ನಲ್ಲಿ ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸಲು ಲೇಸರ್ 125 ಕೋಟಿ ಬಿಟ್ ಕಳಿಸಬೇಕು. ಇದೇ ಲೆಕ್ಕದಲ್ಲಿ 10 ಗಿಗಾಬಿಟ್‌ಗೆ 1,250 ಕೋಟಿ ಬೇಕಾಗುತ್ತಿತ್ತು. ಅಷ್ಟು ಬೇಗ ಮಿಡಿಯುವ ಲೇಸರ್ ಆಗ ಸುಲಭವಾಗಿರಲಿಲ್ಲ.

ಅದಕ್ಕೆ 2002ರ 10 ಗಿಗಾಬಿಟ್ ಈಥರ್ನೆಟ್‌ನಲ್ಲಿ 64 ಬಿಟ್ಟಿಗೆ ಬರೀ 2 ಬಿಟ್ ಗುರುತು ಇಟ್ಟರು. ಆ ಎರಡು ಯಾವಾಗಲೂ 01 ಇಲ್ಲವೇ 10. ಅಂದರೆ 66ಕ್ಕೆ ಒಂದು ಏರಿಳಿತವಂತೂ ಖಾತ್ರಿ. ಉಳಿದ 64ರಲ್ಲಿ ಕೆಲವನ್ನು, 0 ಇದ್ದರೆ 1, 1 ಇದ್ದರೆ 0 ಅಂತ, ಎರಡೂ ಕಡೆಗೆ ಗೊತ್ತಿರುವ ಲೆಕ್ಕದಲ್ಲಿ ತಿರುಗಿಸಿ, ಕಲಸಿ ಕಳಿಸುತ್ತಾರೆ. ನೀವು ಕಳಿಸುವ ಫೋಟೋದಲ್ಲಿ ದೊಡ್ಡ ಕಪ್ಪು ಜಾಗವಿದ್ದು ಸಾಲು ಸೊನ್ನೆ ಬಂದರೆ, ಅವೂ ಇಲ್ಲಿ ಒಡೆದು ಚದುರಿಹೋಗುತ್ತವೆ. 1,250 ಕೋಟಿ ಇದ್ದದ್ದು 1,031.25 ಕೋಟಿಗೆ ಇಳಿಯಿತು! ನನಗೆ ಇವತ್ತಿಗೂ ಇಷ್ಟವಾದ ಲೆಕ್ಕ ಇದು.

ಮನೆಗೆ ಬರುವ ಫೈಬರಿನಲ್ಲಿ ಸಾಮಾನ್ಯವಾಗಿರುವ ಜಿಪಾನ್ ವಿಧಾನವೂ ಕಲಸಿಯೇ ಕಳಿಸುತ್ತದೆ. ಜೊತೆಗೆ ಸೆಕೆಂಡಿಗೆ 8,000 ಸಲ ಒಂದು ಗೊತ್ತಾದ ಗುರುತು ಬರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಪಾನ್ (PON) ಅಂತ ಬರೆದಿರುವ ಹಸಿರು ದೀಪ ಮಿನುಗದೆ ನಿಂತು ಉರಿಯುತ್ತಿದೆ ಅಂದರೆ, ಅದು ಆ ಗುರುತು ಹಿಡಿದು ಲೆಕ್ಕ ಕೂಡಿಸಿಕೊಂಡಿದೆ ಅಂತಲೇ.