ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಕಾರಿನ ಗಾಜಿಗೆ ಮಬ್ಬು ಕವಿದಾಗ

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಮೈಸೂರಿಗೆ ಹೊರಟರೆ ಶ್ರೀರಂಗಪಟ್ಟಣದ ಹೊಳೆ ಸಿಗುವಷ್ಟರಲ್ಲಿ ಮುಂದಿನ ಗಾಜು ಒಳಗಿಂದ ಪೂರ್ತಿ ಮಬ್ಬಾಗುತ್ತದೆ. ಕಾರಿನಲ್ಲಿ ಐದು ಜನ. ಚಳಿಯೆಂದು ಎ.ಸಿ. ಹಾಕುವುದಿಲ್ಲ. ಒರೆಸಿದರೆ ಎರಡು ನಿಮಿಷಕ್ಕೆ ಮತ್ತೆ ಅದೇ ಗತಿ.
– ಓದುಗರು, ಮಂಡ್ಯ

ಉತ್ತರ: ಚಳಿಗೆ ಎ.ಸಿ. ಬೇಡ ಅಂದುಕೊಂಡದ್ದರಲ್ಲೇ ತೊಡಕಿದೆ. ಎ.ಸಿ. ತಂಪು ಮಾಡುವಾಗ ಗಾಳಿಯನ್ನು ಒಣಗಿಸುವ ಕೆಲಸವನ್ನೂ ಮಾಡುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು, ಪೈಪಿನಲ್ಲಿ ಹರಿದು ಕಾರಿನಡಿ ತೊಟ್ಟಿಕ್ಕುತ್ತದೆ. ಹೀಟರನ್ನೂ ಜೊತೆಗೆ ಹಾಕಿದರೆ ಬರುವುದು ಒಣ ಬಿಸಿಗಾಳಿ. ಗಾಜಿಗೆ ಬೇಕಿರುವುದು ಅದೇ.

ಲೆಕ್ಕ ನೋಡಿ. ಸುಮ್ಮನೆ ಕೂತ ಒಬ್ಬರ ಉಸಿರು, ಬೆವರಿನಿಂದ ಗಂಟೆಗೆ 40 ಗ್ರಾಂ ಆಸುಪಾಸು ನೀರಾವಿ ಹೊರಬರುತ್ತದೆ. ಐದು ಜನರೆಂದರೆ 200 ಗ್ರಾಂ. ಹತ್ತು ನಿಮಿಷಕ್ಕೆ 33 ಗ್ರಾಂ. ಕಾರಿನೊಳಗಿನ ಜಾಗ ಸುಮಾರು 3 ಘನ ಮೀಟರ್. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ಆವಿ ಬರೀ 13 ಗ್ರಾಂ. ತಣ್ಣನೆಯ ಗಾಜಿಗೆ ತಗುಲಿದ ಗಾಳಿ ಹೆಚ್ಚುವರಿ ಆವಿಯನ್ನೆಲ್ಲ ಅಲ್ಲೇ ಇಳಿಸುತ್ತದೆ.

ಹೀಗೆ ಮಾಡಿ: ಒಳಗಿನ ಗಾಳಿಯನ್ನೇ ಸುತ್ತಿಸುವ ರಿಸರ್ಕ್ಯುಲೇಷನ್ ತೆಗೆದು ಹೊರಗಾಳಿಗೆ ಹಾಕಿ. ಗಾಳಿಯ ನಾಬನ್ನು ಮುಂದಿನ ಗಾಜಿನ ಗುರುತಿಗೆ ತಿರುಗಿಸಿ. ಎ.ಸಿ. ಆನ್, ಬ್ಲೋಯರ್ ಪೂರ್ತಿ, ಟೆಂಪರೇಚರ್ ಕೆಂಪು ಕಡೆಗೆ. ಎಂಜಿನ್ ಬಿಸಿಯಾಗುವ ತನಕ ಹೀಟರ್ ಬಿಸಿಗಾಳಿ ಕೊಡುವುದಿಲ್ಲ, ಅಷ್ಟರವರೆಗೆ ಎ.ಸಿ.ಯ ಒಣಗಾಳಿ ಕೆಲಸ ಮಾಡುತ್ತಿರುತ್ತದೆ. ಹಿಂದಿನ ಎರಡು ಕಿಟಕಿಗಳನ್ನು ಒಂದು ಬೆರಳಷ್ಟು ಇಳಿಸಿದರೆ ಇನ್ನೂ ಬೇಗ. ಗಾಜು ತಿಳಿಯಾದ ಮೇಲೆ ಬ್ಲೋಯರ್ ತಗ್ಗಿಸಿ, ಎ.ಸಿ. ಮಾತ್ರ ಹಾಗೇ ಇರಲಿ. ಆಟೊಮ್ಯಾಟಿಕ್ ಎ.ಸಿ. ಇರುವ ಬಹಳಷ್ಟು ಕಾರುಗಳಲ್ಲಿ ಡಿಫ್ರಾಸ್ಟ್ ಬಟನ್ ಒತ್ತಿದರೆ ಇದೆಲ್ಲ ತಾನಾಗಿ ಆಗುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಿ ನೀವೇ ಮಾಡಬೇಕು.

ಹೊರಗೇ ಮಂಜು ಕವಿದಿರುವಾಗ ಹೊರಗಾಳಿ ತಂದು ಏನು ಫಲ ಅಂತ ಕೇಳುವವರಿದ್ದಾರೆ. ಫಲವಿದೆ. 15 ಡಿಗ್ರಿಯ ಮಂಜಿನ ಗಾಳಿಯನ್ನು 25 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇಕಡಾ 55ರ ಹತ್ತಿರಕ್ಕೆ ಇಳಿಯುತ್ತದೆ. ಐದು ಜನರ ಉಸಿರು ತುಂಬಿದ ಗಾಳಿಗಿಂತ ಅದು ಎಷ್ಟೋ ಒಣ.

ಅಂಗೈಯಿಂದ ಮಾತ್ರ ಒರೆಸಬೇಡಿ. ಚರ್ಮದ ಜಿಡ್ಡು ಗಾಜಿನಲ್ಲಿ ಉಳಿದು ಮುಂದಿನ ಸಲ ಹನಿ ಅಲ್ಲೇ ಮೊದಲು ಕೂರುತ್ತದೆ. ರಾತ್ರಿ ಎದುರಿನ ಹೆಡ್‌ಲೈಟ್ ಅದೇ ಗೆರೆಗಳಲ್ಲಿ ಚೆದುರುತ್ತದೆ.

ಪ್ರಶ್ನೆ: ಜುಲೈ ಮಳೆಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಎ.ಸಿ. ಹಾಕಿದ್ದರೂ ಗಾಜು ಮಬ್ಬಾಯಿತು. ಎ.ಸಿ. 18ಕ್ಕೆ ಇಳಿಸಿದರೆ ಇನ್ನೂ ಜಾಸ್ತಿ!
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮದು ಹೊರಗಡೆಯ ಮಬ್ಬು. ಎ.ಸಿ. ಗಾಜನ್ನು ತಣ್ಣಗೆ ಮಾಡಿತು, ಹೊರಗಿನ ತೇವ ಬಂದು ಅದರ ಮೇಲೆ ಕೂತಿತು. ಅನುಮಾನವಿದ್ದರೆ ಗಾಜಿನ ಒಳಮೈಯ ಮೂಲೆಯಲ್ಲಿ ಬೆರಳಾಡಿಸಿ. ಗೆರೆ ಮೂಡದಿದ್ದರೆ ಮಬ್ಬು ಹೊರಗಿದೆ. ವೈಪರ್ ಒಮ್ಮೆ ಆಡಿಸಿ, ಎ.ಸಿ. 24–25ಕ್ಕೆ ಏರಿಸಿ, ಗಾಳಿಯನ್ನು ಗಾಜಿನಿಂದ ಮುಖದ ಕಡೆಗೆ ತಿರುಗಿಸಿ. ಮೈಲೇಜ್ ಉಳಿಸಲೆಂದು ಮಳೆಯಲ್ಲಿ ಎ.ಸಿ. ಒಮ್ಮೆ ಹಾಕಿ ಒಮ್ಮೆ ತೆಗೆಯುವ ಅಭ್ಯಾಸವಿದ್ದರೆ ಬಿಡಿ. ಕಂಪ್ರೆಸರ್ ನಿಂತೊಡನೆ ಕಾಯಿಲ್ ಮೇಲೆ ಉಳಿದ ನೀರು ಆವಿಯಾಗಿ ನೇರ ಒಳಗೆ ಬರುತ್ತದೆ, ಗಾಜು ಅರೆಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ: ಮನೆ ಮುಂದೆ ನಿಲ್ಲಿಸಿದ ಹಳೇ ಕಾರಿನ ಗಾಜುಗಳಲ್ಲಿ ದಿನಾ ಬೆಳಿಗ್ಗೆ ಒಳಗಡೆ ಹನಿ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಸಿಲಿಕಾ ಜೆಲ್ ಚೀಲ ಇಟ್ಟರೂ ಹೋಗಿಲ್ಲ.
– ಓದುಗರು, ಪಾಂಡವಪುರ

ಉತ್ತರ: ಯಾರೂ ಕೂರದ ಕಾರು ದಿನಾ ಬೆವರುತ್ತಿದೆಯೆಂದರೆ ಒಳಗೆಲ್ಲೋ ನೀರು ನಿಂತಿದೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರಿದರೆ ಹೆಚ್ಚು. ಅರ್ಧ ಕಿಲೋ ಚೀಲಕ್ಕೆ ಒಂದು ಲೋಟವೂ ಹಿಡಿಯದು; ಕಾರ್ಪೆಟ್ ಅಡಿಯ ಫೋಮ್ ಲೀಟರ್‌ಗಟ್ಟಲೆ ಕುಡಿದಿರುತ್ತದೆ. ಮ್ಯಾಟ್ ತೆಗೆದು ನಾಲ್ಕೂ ಕಡೆ ಹಳೇ ಪೇಪರ್ ಹಾಸಿ ಒತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ.

ಮುಂದಿನ ಎಡ ಸೀಟಿನ ಕಾಲಡಿ ಮಾತ್ರ ಒದ್ದೆ, ಅದೂ ಎ.ಸಿ. ಓಡಿಸಿದ ದಿನ ಜಾಸ್ತಿ ಎಂದಾದರೆ ಎ.ಸಿ. ನೀರು ಹೊರಹೋಗುವ ಡ್ರೈನ್ ಪೈಪ್ ಕಟ್ಟಿಕೊಂಡಿದೆ. ಸೆಕೆಯ ದಿನ ಕಾಲು ಗಂಟೆ ಎ.ಸಿ. ಹಾಕಿ ನಿಲ್ಲಿಸಿದಾಗ ಕಾರಿನಡಿ ನೀರು ಬೀಳದಿದ್ದರೆ ಅನುಮಾನ ಖಚಿತ. ಕೆಳಗಿನಿಂದ ಮೆದು ನೈಲಾನ್ ದಾರ ತೂರಿಸಿ ಬಿಡಿಸಿ. ಸ್ಟೀಲ್ ತಂತಿ ಬೇಡ, ಪೈಪೂ ತೂತಾಗುತ್ತದೆ, ಕಾಯಿಲಿಗೂ ತಾಗಬಹುದು.

ಮಳೆ ಬಿದ್ದ ಮೇಲೆ ಒದ್ದೆಯಾದರೆ ಬೇರೆ ದಾರಿ ಹುಡುಕಬೇಕು. ಮರದ ನೆರಳಿನಲ್ಲಿ ನಿಲ್ಲುವ ಕಾರುಗಳಿಗೆ ವೈಪರ್ ಬುಡದ ಜಾಲರಿಯಡಿ ಎಲೆ ತುಂಬಿ, ನೀರು ಹರಿಯದೆ ಗಾಳಿ ಒಳಬರುವ ಬಾಯಿಯಿಂದಲೇ ಇಳಿಯುತ್ತದೆ. ಬಾಗಿಲಿನ ಕೆಳ ಅಂಚಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಸ್ಪೀಕರ್ ಹಾಕಿಸಿದ್ದೀರಾ? ಬಾಗಿಲ ಪ್ಯಾನಲ್ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಕೆಲಸಗಾರರು ಕಿತ್ತು ಹಾಗೇ ಬಿಟ್ಟಿರುವುದು ಬಹಳ ಸಾಮಾನ್ಯ, ನಮ್ಮ ಲೆಕ್ಕದಲ್ಲಿ ಮೊದಲ ಆರೋಪಿ ಅದೇ. ಡಿಕ್ಕಿಯ ನೀರಿಗೆ ಹಿಂದಿನ ಲೈಟಿನ ಗ್ಯಾಸ್ಕೆಟ್, ಬೀಡಿಂಗ್ ಕಾರಣವಿರಬಹುದು. ಪತ್ತೆ ಮಾಡಲು ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಸಾದಾ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗಕ್ಕೆ ನೀರು ಬಿಡಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲೆಲ್ಲೋ ಹರಿದು ಯಾವ ತೂತೆಂದು ತಿಳಿಯುವುದಿಲ್ಲ.

ಮಬ್ಬು ಜಿಡ್ಡುಜಿಡ್ಡಾಗಿದ್ದು, ಸಿಹಿ ವಾಸನೆ ಬರುತ್ತಿದ್ದು, ಡಬ್ಬಿಯಲ್ಲಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಇಳಿಯುತ್ತಿದ್ದರೆ ಅದು ಮಳೆನೀರಲ್ಲ; ಹೀಟರ್ ಕೋರ್, ಅಂದರೆ ಬಿಸಿ ಕೂಲಂಟ್ ಹರಿಯುವ ಹೀಟರಿನ ಭಾಗ, ಸೋರುತ್ತಿದೆ. ಕೂಲಂಟ್ ವಿಷ, ಮುಂದೂಡದೆ ಗ್ಯಾರೇಜಿಗೆ ಒಯ್ಯಿರಿ.

ಸೋರಿಕೆ ನಿಲ್ಲಿಸಿದ ಮೇಲೆ ಕಾರ್ಪೆಟ್ ಎತ್ತಿ ಫೋಮನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಎತ್ತದೆ ಮೇಲಿಂದ ಫ್ಯಾನ್ ಬಿಟ್ಟರೆ ಕೆಳಗಿನ ನೀರು ಹಾಗೇ ಇರುತ್ತದೆ.

ಪ್ರಶ್ನೆ: ಗಾಜಿಗೆ ಶಾಂಪೂ ಹಚ್ಚಿದರೆ ಮಬ್ಬು ಬರುವುದಿಲ್ಲವಂತೆ, ನಿಜವೇ?
– ಓದುಗರು, ಮದ್ದೂರು

ಉತ್ತರ: ಕೆಲವು ದಿನ ಬರುವುದಿಲ್ಲ. ನೀರು ಹನಿಯಾಗದೆ ತೆಳು ಪದರವಾಗಿ ಹರಡುತ್ತದೆ, ಅಷ್ಟೇ. ಆದರೆ ರಾತ್ರಿ ಗೆರೆ ಗೆರೆ ಹೊಳಪು ಕೊಡುವುದರಿಂದ ಮುಂದಿನ ಗಾಜಿಗೆ ನಾವು ಬೇಡ ಅನ್ನುತ್ತೇವೆ. ಐಸೊಪ್ರೊಪೈಲ್ ಆಲ್ಕೋಹಾಲ್, ನೀರು ಸಮಸಮ ಬೆರೆಸಿ, ಒಂದು ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಉಜ್ಜಿ, ಕಿಟಕಿ ತೆರೆದಿರಲಿ. ಡ್ಯಾಶ್‌ಬೋರ್ಡ್ ಪಾಲಿಶ್‌ನ ಜಿಡ್ಡು ಹೋದ ಗಾಜಿಗೆ ಮಬ್ಬು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.

ಪ್ರಶ್ನೆ: ಹಿಂದಿನ ಗಾಜಿನ ಡಿಫಾಗರ್‌ನಲ್ಲಿ (ಗಾಜು ಕಾಯಿಸಿ ಮಬ್ಬು ತೆಗೆಯುವ ಗೆರೆಗಳು) ಎರಡು ಗೆರೆ ಕೆಲಸ ಮಾಡುತ್ತಿಲ್ಲ. ಗಾಜೇ ಬದಲಿಸಬೇಕೆ?
– ಓದುಗರು, ವಿಜಯನಗರ, ಮೈಸೂರು

ಉತ್ತರ: ಬೇಡ. ಡಿಫಾಗರ್ ಆನ್ ಮಾಡಿ, ಮಲ್ಟಿಮೀಟರಿನ ಕಪ್ಪು ತಂತಿಯನ್ನು ಕಾರಿನ ಲೋಹದ ಮೈಗೆ ಹಿಡಿದು, ತುದಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ಕೆಂಪು ತಂತಿಯನ್ನು ಗೆರೆಯುದ್ದಕ್ಕೂ ಆಡಿಸಿ. ಸರಿಯಿರುವ ಗೆರೆಯಲ್ಲಿ ವೋಲ್ಟೇಜ್ 12ರಿಂದ ಸೊನ್ನೆಗೆ ನಿಧಾನವಾಗಿ ಇಳಿಯುತ್ತದೆ. ಒಮ್ಮೆಲೇ ಜಿಗಿದ ಜಾಗದಲ್ಲಿ ತುಂಡಾಗಿದೆ. ಮೀಟರ್ ಆಫ್ ಮಾಡಿ, ಡಿಫಾಗರನ್ನೂ ಆಫ್ ಮಾಡಿ, ಆ ಜಾಗ ಆಲ್ಕೋಹಾಲ್‌ನಿಂದ ತೊಳೆದು, ಗೆರೆಯ ಮೇಲೆ ಕೆಳಗೆ ಟೇಪ್ ಅಂಟಿಸಿ, ನಡುವೆ ಬೆಳ್ಳಿಯ ಕಂಡಕ್ಟಿವ್ ಪೇಂಟ್ ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗುವ ತನಕ ಸ್ವಿಚ್ ಮುಟ್ಟಬೇಡಿ. ಎಲ್ಲ ಗೆರೆಗಳೂ ಸತ್ತಿದ್ದರೆ ಮಾತ್ರ ಮೊದಲು ಫ್ಯೂಸ್, ಆಮೇಲೆ ಗಾಜಿನ ಅಂಚಿನ ಕನೆಕ್ಟರ್ ನೋಡಿ. ಇನ್ನು ಮುಂದೆ ಗಾಜನ್ನು ಗೆರೆಯ ದಿಕ್ಕಿನಲ್ಲೇ, ಎಡದಿಂದ ಬಲಕ್ಕೆ ಒರೆಸಿ. ಸ್ಟಿಕ್ಕರ್ ಕೀಳಲು ಬ್ಲೇಡ್ ಬಳಸಿದರೆ ಮತ್ತೆ ಅದೇ ರಿಪೇರಿ.