ಇಂಗ್ಲಿಷ್ ಮೇಷ್ಟ್ರು ಕೊಟ್ಟ ಕನ್ನಡ

ಪತ್ರ: "ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನಗೆ ಓದುವ ಹುಚ್ಚು ಹಿಡಿಸಿದವರೂ ಇಂಗ್ಲಿಷ್ ಮೇಷ್ಟ್ರೇ. ಪದ್ಯವನ್ನು ಗಟ್ಟಿಯಾಗಿ ಓದಿ, 'ಇಂಥದ್ದು ಕನ್ನಡದಲ್ಲಿ ಎಲ್ಲಿದೆ, ಹುಡುಕಿಕೊಂಡು ಬನ್ನಿ' ಅನ್ನುತ್ತಿದ್ದರು. ಹಾಗೆ ಹುಡುಕುತ್ತಾ ನಾನು ಕನ್ನಡ ಓದಿದೆ, ಬರೆಯಲು ಕಲಿತೆ. ಈಗ ನನ್ನ ಮಕ್ಕಳು ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷ್ ಕಲಿಸುವವರು ಮಕ್ಕಳ ಕನ್ನಡವನ್ನೂ ಬೆಳೆಸಬಲ್ಲರು ಅನ್ನುವುದು ನಿಜವೇ? ಅಥವಾ ನನ್ನ ಪಾಲಿಗೆ ಅದೊಂದು ಅದೃಷ್ಟ ಅಷ್ಟೇನಾ? ಇನ್ನೊಂದು ಮಾತು: ಮಕ್ಕಳ ಕಾಂಪೊಸಿಷನ್ ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಗೀಟು ಹಾಕಬೇಕೇ?"

ಸಂಪಾದಕರ ಉತ್ತರ:

ಮೇಡಂ, ಅದೃಷ್ಟ ಹೌದು. ಆದರೆ ಅದು ನಿಮಗೊಬ್ಬರಿಗೇ ಸಿಕ್ಕಿದ್ದಲ್ಲ. ಹೊಸಗನ್ನಡ ಕಾವ್ಯಕ್ಕೂ ಅದೇ ಅದೃಷ್ಟ ಸಿಕ್ಕಿತ್ತು.

'ಶ್ರೀ' ಎಂದೇ ಹೆಸರಾದ ಬಿ. ಎಂ. ಶ್ರೀಕಂಠಯ್ಯನವರಿಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಬಳ ಬರುತ್ತಿದ್ದದ್ದು ಇಂಗ್ಲಿಷ್ ಪಾಠಕ್ಕೆ. ಅವರೇ 1911ರಲ್ಲಿ ಧಾರವಾಡಕ್ಕೆ ಹೋಗಿ, ವಿದ್ಯಾವರ್ಧಕ ಸಂಘದಲ್ಲಿ ನಿಂತು, ಕನ್ನಡ ತಲೆಯೆತ್ತುವುದಕ್ಕೆ ಏನು ಮಾಡಬೇಕು ಎಂದು ಮಾತಾಡಿದರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ಕೆಲವು ಇಂಗ್ಲಿಷ್ ಪದ್ಯಗಳನ್ನು ಕನ್ನಡದಲ್ಲಿ ಹಾಡಿಸಲು ಕೂತರು. 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿರುವ ಪದ್ಯಗಳಲ್ಲಿ ಹೆಚ್ಚಿನವು ಪಾಲ್‌ಗ್ರೇವ್‌ನ 'ಗೋಲ್ಡನ್ ಟ್ರೆಷರಿ'ಯಿಂದ ಬಂದವು. ಅದು ಆ ಕಾಲದ ಇಂಗ್ಲಿಷ್ ತರಗತಿಗಳಲ್ಲಿ ಬಳಕೆಯಲ್ಲಿದ್ದ ಇಂಗ್ಲಿಷ್ ಪದ್ಯಗಳ ಸಂಕಲನ. ಅಂದರೆ ಮೇಷ್ಟ್ರು ತಮ್ಮ ಪಾಠದ ಮೇಜಿನಿಂದಲೇ ಎತ್ತಿ ಕನ್ನಡಕ್ಕೆ ಕೊಟ್ಟರು. ಶಾಲೆಯ ಪ್ರಾರ್ಥನೆಯಲ್ಲಿ 'ಕರುಣಾಳು ಬಾ ಬೆಳಕೆ' ಹಾಡಿಕೊಂಡು ಬೆಳೆದ ಎಷ್ಟೋ ಜನಕ್ಕೆ ಅದರ ಮೂಲ ನ್ಯೂಮನ್ ಬರೆದ ಇಂಗ್ಲಿಷ್ ಪ್ರಾರ್ಥನೆ ಅಂತ ಗೊತ್ತೇ ಇಲ್ಲ. ಅಷ್ಟು ನಮ್ಮದಾಗಿದೆ ಅದು.

ಹಳೆಯ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕೂಡಿಸಲೇಬೇಕಿತ್ತು. ಗೋವಿಂದ ಪೈಗಳು ಆ ಕಟ್ಟನ್ನು ಆಗಲೇ ಬಿಟ್ಟಿದ್ದರು. ಆದರೆ ಶ್ರೀಯವರ ಗೀತೆಗಳು ಕೈಗೆ ಬಂದಮೇಲೆ ಹೊಸಬರಿಗೆ ಧೈರ್ಯ ಬಂತು. ಸಾಲು ಉದ್ದವೂ ಇರಬಹುದು, ಗಿಡ್ಡವೂ ಇರಬಹುದು. ನಮ್ಮ ದುಃಖ, ನಮ್ಮ ಪ್ರೀತಿಯ ಬಗ್ಗೆ ಬರೆಯಬಹುದು. ಅದೂ ಆಡುವ ಮಾತಿಗೆ ಹತ್ತಿರದ ಕನ್ನಡದಲ್ಲಿ!

ಹಾಗಂತ ಇಂಗ್ಲಿಷಿನಿಂದಲೇ ಕನ್ನಡ ಉದ್ಧಾರವಾಯ್ತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದೇ ಶ್ರೀಯವರು ರನ್ನನ ಕಾವ್ಯ ಎತ್ತಿಕೊಂಡು 'ಗದಾಯುದ್ಧ ನಾಟಕಂ' ಕಟ್ಟಿದವರು. ಗ್ರೀಕ್ ರುದ್ರನಾಟಕ ಓದಿದ್ದ ಕಣ್ಣಿಗೆ ದುರ್ಯೋಧನ ಬೇರೆಯೇ ಆಗಿ ಕಂಡ. ಆದರೆ ರನ್ನ ಗೊತ್ತಿಲ್ಲದಿದ್ದರೆ ಆ ಕಣ್ಣಿಗೆ ಕಾಣಲು ಏನಿತ್ತು? ಇಂಗ್ಲಿಷ್ ಒಂದೇ ಗೊತ್ತಿದ್ದ ಮೇಷ್ಟ್ರುಗಳೂ ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಕೈಲಿ ಓದಿದ ಹುಡುಗರಿಗೆ ಒಳ್ಳೆಯ ಅರ್ಜಿ ಬರೆಯುವುದಕ್ಕೆ ಬಂತು. ಕೆಲವರಿಗೆ ಮನೆಮಾತಿನ ಬಗ್ಗೆ ನಾಚಿಕೆಯೂ ಬಂತು. ನಿಮ್ಮ ಮೇಷ್ಟ್ರು 'ಕನ್ನಡದಲ್ಲಿ ಎಲ್ಲಿದೆ' ಅಂತ ಕೇಳಿದರಲ್ಲ, ಇಡೀ ವ್ಯತ್ಯಾಸ ಆ ಪ್ರಶ್ನೆಯಲ್ಲಿದೆ.

ಕುವೆಂಪು ಮತ್ತು ಜೇಮ್ಸ್ ಕಸಿನ್ಸ್ ಅವರ ಪ್ರಸಂಗ ನೀವು ತರಗತಿಯಲ್ಲಿ ಹೇಳಿಯೇ ಇರುತ್ತೀರಿ. ಅದರಲ್ಲಿ ನಾವೆಲ್ಲ ದಾಟಿಹೋಗುವ ಒಂದು ಅಂಶವಿದೆ ಅನ್ನಿಸುತ್ತದೆ. 1924ರಲ್ಲಿ ಐರಿಷ್ ಕವಿ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಹೈಸ್ಕೂಲು ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಹೋದರು. ಅಷ್ಟರಲ್ಲಾಗಲೇ ಅವರ ಒಂದು ಪುಟ್ಟ ಇಂಗ್ಲಿಷ್ ಸಂಕಲನ ಅಚ್ಚಾಗಿತ್ತು. ಕಸಿನ್ಸ್ ಪದ್ಯ ನೋಡಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಹುಡುಗನಿಗೆ ಆಗ ಬೇಜಾರೇ ಆಯ್ತು. ಕನ್ನಡದಲ್ಲಿ ಬರೆಯಿರಿ ಅನ್ನುವ ಸಲಹೆಯನ್ನಷ್ಟೇ ನಾವು ಎತ್ತಿ ಹೇಳುತ್ತೇವೆ. ಆದರೆ ಕಸಿನ್ಸ್ ಪದ್ಯ ಓದಿದ್ದರು. 'ವೆರಿ ಗುಡ್' ಅಂತ ಬೆನ್ನು ತಟ್ಟಿ ಕಳಿಸಿಬಿಡುವುದು ಸುಲಭವಿತ್ತು, ಅಲ್ವಾ? ಹುಡುಗನನ್ನು ಬರಹಗಾರ ಎಂದು ಗಂಭೀರವಾಗಿ ತೆಗೆದುಕೊಂಡಿದ್ದರಿಂದಲೇ ಹಿತವಲ್ಲದ ಮಾತು ಹೇಳಿದರು. ಕುವೆಂಪು ಇಂಗ್ಲಿಷಿನಲ್ಲಿ ಓದಿದ್ದೂ ವ್ಯರ್ಥವಾಗಲಿಲ್ಲ. ಆ ಓದೆಲ್ಲ ಮುಂದೆ ಮಲೆನಾಡಿನ ಕಾಡಿಗೆ, ಕನ್ನಡದ ಮಹಾಕಾವ್ಯಕ್ಕೆ ಬಂದು ಸೇರಿತು.

ಮೈಸೂರಿನ ಇಂಗ್ಲಿಷ್ ವಿಭಾಗದ ಇನ್ನೊಂದು ಹೆಸರು ಸಿ. ಡಿ. ನರಸಿಂಹಯ್ಯ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್. ಆರ್. ಲೀವಿಸ್ ಅವರ ಪಾಠ ಕೇಳಿ ಬಂದವರು. ಮುಂದೆ 1979ರಲ್ಲಿ 'ಧ್ವನ್ಯಾಲೋಕ' ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದರು. ಕವಿಯ ಜೀವನಚರಿತ್ರೆ ಒಪ್ಪಿಸುವುದನ್ನು ಬಿಟ್ಟು ಸಾಲಿನ ಎದುರು ಕೂರಬೇಕು, ಈ ಮಾತು ಇಲ್ಲಿ ಯಾಕಿದೆ ಅಂತ ಕೇಳಿಕೊಳ್ಳಬೇಕು ಅನ್ನುವುದು ಲೀವಿಸ್ ಕಡೆಯ ಓದಿನ ರೀತಿ. ನರಸಿಂಹಯ್ಯನವರ ಶಿಷ್ಯ ಅನಂತಮೂರ್ತಿ ತಾವೂ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಬರೆದರು. ಗೋಕಾಕ್, ಅಡಿಗ, ಲಂಕೇಶ್, ಶಾಂತಿನಾಥ ದೇಸಾಯಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಇಷ್ಟು ಜನ ಒಂದೇ ಕಸುಬಿನಿಂದ ಬಂದಿದ್ದನ್ನು ಸುಮ್ನೆ ಕಾಕತಾಳೀಯ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಎರಡು ಭಾಷೆಗಳ ನಡುವೆ ದಿನಾ ಓಡಾಡುವವರಿಗೆ ತಮ್ಮ ಭಾಷೆಯ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ. ಅದರಲ್ಲೇ ಇರುವವರಿಗೆ ಅಭ್ಯಾಸವಾಗಿ ಹೋಗಿರುತ್ತದೆ.

ಇನ್ನು ಬರವಣಿಗೆ. ಮುನ್ನೂರು ಪದದ ಭಾಗ ಕೊಟ್ಟು ನೂರು ಪದಕ್ಕೆ ಇಳಿಸಿ ಅನ್ನುತ್ತಿದ್ದರಲ್ಲ, ಪ್ರೆಸಿ? ಹುಡುಗರಾಗಿದ್ದಾಗ ನಮಗೆಲ್ಲ ಅದು ಶಿಕ್ಷೆಯಂತೆ ಕಾಣುತ್ತಿತ್ತು. ಆದರೆ ಅಷ್ಟು ಒಳ್ಳೆಯ ಸಂಪಾದಕೀಯ ತರಬೇತಿ ಇನ್ನೊಂದಿಲ್ಲ. ಯಾವುದು ಮುಖ್ಯ, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಅಂತ ಪ್ರತಿ ವಾಕ್ಯಕ್ಕೂ ತೀರ್ಮಾನ ಮಾಡಬೇಕು. ನಮ್ಮ ಕಚೇರಿಗೆ ಬರುವ ಕನ್ನಡ ಲೇಖನಗಳಲ್ಲಿ ಇದನ್ನು ಕಲಿತವರ ಬರಹ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಪ್ಯಾರಾ ಎಲ್ಲಿ ಮುಗಿಯಬೇಕು ಅನ್ನುವುದು ಅವರಿಗೆ ತಿಳಿದಿರುತ್ತದೆ. ಪೀಠಿಕೆ ಒಂದು ಪುಟ ಓಡುವುದಿಲ್ಲ. ನಿಮ್ಮ ಮಕ್ಕಳಿಂದ ಇದನ್ನು ಖಂಡಿತ ಮಾಡಿಸಿ. ಇಂಗ್ಲಿಷ್ ಪಾಠವನ್ನು ಓದಿ ಕನ್ನಡದಲ್ಲಿ ಹತ್ತು ಸಾಲಿಗೆ ಇಳಿಸಲಿ. ಪಾಠ ಅರ್ಥವಾಗದೆ ಅದು ಸಾಧ್ಯವಿಲ್ಲ. ಗೈಡಿನಲ್ಲೂ ಅದು ಸಿಗುವುದಿಲ್ಲ.

ಗೈಡ್ ವಿಷಯದಲ್ಲಿ ಮಕ್ಕಳ ಮೇಲೆ ಸಿಟ್ಟಾಗಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಪ್ರಶ್ನೆಪತ್ರಿಕೆ ಎದುರಿಗಿದೆ. ಮನೆಯಲ್ಲಿ ಇಂಗ್ಲಿಷ್ ಕೇಳಿಯೇ ಇಲ್ಲದ ಮಗು ಬಾಯಿಪಾಠ ಬಿಟ್ಟು ಇನ್ನೇನು ಮಾಡೀತು? ಪಾಸು ಮಾಡಿಸುವುದು ನಿಮ್ಮ ಹೊಣೆ, ಅದನ್ನು ಬಿಡಿ ಅಂತ ಹೇಳುವ ಹಕ್ಕು ನನಗಿಲ್ಲ. ವಾರಕ್ಕೆ ಒಂದು ಪೀರಿಯಡ್ ಮಾತ್ರ ಬೇರೆ ಇಡಿ. ಆ ಹೊತ್ತು ನೋಟ್ಸ್ ಬೇಡ, ಪ್ರಶ್ನೋತ್ತರ ಬೇಡ. ನೀವು ಗಟ್ಟಿಯಾಗಿ ಓದಿ, ಅವರು ಕೇಳಲಿ. ಹೊಸ ಭಾಷೆ ಮೊದಲು ಕಿವಿಗೆ ಹೋಗಬೇಕು. ಒಂದು ದಿನ ಇಂಗ್ಲಿಷ್ ಕಥೆ, ಇನ್ನೊಂದು ದಿನ ಅದೇ ಬಗೆಯ ಕನ್ನಡ ಕಥೆ. ಕನ್ನಡ ಮೇಷ್ಟ್ರನ್ನೂ ಕರೆದು ಕೂರಿಸಿಕೊಳ್ಳಿ, ಇಬ್ಬರೂ ಸೇರಿ ಓದಿ. ಲೈಬ್ರರಿ ಬೀರುವಿನ ಬೀಗದಕೈ ಯಾರ ಹತ್ತಿರ ಇದೆಯೋ ಅವರಿಂದ ಇಸಿದುಕೊಂಡು ಮಕ್ಕಳ ಕೈಗೇ ಕೊಡಿ. ಪುಸ್ತಕ ಹರಿದರೆ ಅಂಟಿಸಬಹುದು.

ಪತ್ರದ ಕೊನೆಯಲ್ಲಿ ಕಾಂಪೊಸಿಷನ್ ತಿದ್ದುವ ಬಗ್ಗೆ ಕೇಳಿದ್ದೀರಿ: ಎಲ್ಲ ತಪ್ಪಿಗೂ ಕೆಂಪು ಗೀಟು ಹಾಕಬೇಕೇ ಅಂತ. ಬೇಡ. ಪುಟ ತುಂಬ ಕೆಂಪು ಕಂಡ ಮಗು ಮುಂದಿನ ಸಲ ಗೊತ್ತಿರುವ ನಾಲ್ಕು ವಾಕ್ಯ ಮಾತ್ರ ಬರೆಯುತ್ತದೆ. ಮೊದಲು, ಚೆನ್ನಾಗಿರುವ ಒಂದು ಸಾಲು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ, ಯಾಕೆ ಚೆನ್ನಾಗಿದೆ ಅಂತ ಪಕ್ಕದಲ್ಲಿ ಬರೆಯಿರಿ. ಆಮೇಲೆ ಎರಡೇ ಎರಡು ತಪ್ಪು ತಿದ್ದಿ. ಮಿಕ್ಕಿದ್ದನ್ನು ಮುಂದಿನ ವಾರ ನೋಡಿಕೊಳ್ಳಬಹುದು.