ಸಿಮ್ಯುಲೇಶನ್ ಇರುವಾಗ ನಿಜವಾದ ಉಪಕರಣ ಯಾಕೆ?

ಕಾಸರಗೋಡಿನ ಪ್ಲಸ್ ವನ್ ಹುಡುಗನೊಬ್ಬ ಕೇಳಿದ್ದಾನೆ: ಆನ್‌ಲೈನ್ ಲ್ಯಾಬಿನಲ್ಲಿ ಸಿಮ್ಯುಲೇಶನ್ (ಕಂಪ್ಯೂಟರಿನಲ್ಲೇ ಮಾಡುವ ಅಣಕು ಪ್ರಯೋಗ) ಮುಗಿಸಿದ ಮೇಲೂ, ದೂರದಲ್ಲಿರುವ ನಿಜವಾದ ಉಪಕರಣವನ್ನು ಇಂಟರ್‌ನೆಟ್ ಮೂಲಕ ನಡೆಸಿ ಕ್ಯಾಮೆರಾದಲ್ಲಿ ಯಾಕೆ ನೋಡಬೇಕು?

ಓಮ್‌ನ ನಿಯಮವನ್ನೇ ತಗೊಳ್ಳಿ: ವೋಲ್ಟೇಜನ್ನು ರೆಸಿಸ್ಟೆನ್ಸಿನಿಂದ (ವಿದ್ಯುತ್ತಿಗೆ ಒಡ್ಡುವ ತಡೆ) ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ. ಸಿಮ್ಯುಲೇಶನ್‌ನಲ್ಲಿ 100 ಓಮ್ ರೆಸಿಸ್ಟರ್‌ಗೆ 5 ವೋಲ್ಟ್ ಕೊಟ್ಟರೆ ಪ್ರತಿ ಸಲವೂ ಸರಿಯಾಗಿ 50 ಮಿಲಿಆಂಪಿಯರ್. ಆದರೆ ಚಿನ್ನದ ಬಣ್ಣದ ಪಟ್ಟಿಯ ನಿಜವಾದ ರೆಸಿಸ್ಟರ್‌ನಲ್ಲಿ ಆ 100 ಓಮ್ ಶೇಕಡಾ 5ರವರೆಗೆ ಆಚೀಚೆ ಇರಬಹುದು. ಹಾಗಾಗಿ ಮೀಟರ್ ಸುಮಾರು 47.6ರಿಂದ 52.6ರವರೆಗೆ ಏನು ಬೇಕಾದರೂ ತೋರಿಸಬಹುದು. ‘ಎಲ್ಲಿ ತಪ್ಪಿತು?’ ಎಂದು ತಲೆ ಕೆರೆದುಕೊಳ್ಳುವುದು ಅಲ್ಲೇ. ನನ್ನ ಪ್ರಕಾರ ಪ್ರಯೋಗ ಶುರುವಾಗುವುದೂ ಅಲ್ಲೇ.

ಹಾಗಂತ ಸಿಮ್ಯುಲೇಶನ್ ದಂಡವಲ್ಲ. ಅಮ್ಮೀಟರನ್ನು (ಕರೆಂಟು ಅಳೆಯುವ ಮೀಟರ್) ತಪ್ಪಿ ಬ್ಯಾಟರಿಗೆ ನೇರವಾಗಿ ಅಡ್ಡ ಜೋಡಿಸಿದರೂ ಅಲ್ಲಿ ಯಾವ ಫ್ಯೂಸೂ ಹೋಗುವುದಿಲ್ಲ. ಇನ್ನು ದೂರದಿಂದ ನಡೆಸುವ ನಿಜವಾದ ಉಪಕರಣ ಇರುವುದು ಒಂದೋ ಎರಡೋ. ಒಬ್ಬರಾದ ಮೇಲೆ ಒಬ್ಬರು ಸರದಿ ಕಾಯಬೇಕು. ಅದಕ್ಕೇ ಮೊದಲು ಸಿಮ್ಯುಲೇಶನ್‌ನಲ್ಲಿ ಕೈ ಪಳಗಿಸಿ, ಬರಬೇಕಾದ ಉತ್ತರ ಬರೆದಿಟ್ಟು, ಆಮೇಲೆ ಸರದಿಗೆ ಹೋಗಿ. ಸಿಮ್ಯುಲೇಶನ್‌ನದ್ದು, ನಿಜವಾದ ಉಪಕರಣದ್ದು, ಎರಡೂ ರೀಡಿಂಗುಗಳ ಗ್ರಾಫನ್ನು ಒಂದೇ ಹಾಳೆಯಲ್ಲಿ ಎಳೆಯಿರಿ.

ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಮುಂಬಯಿ ಸೇರಿ ಮಾಡಿದ ‘ಓಲ್ಯಾಬ್ಸ್’ ಎಂಬ ಆನ್‌ಲೈನ್ ಲ್ಯಾಬ್ ಸಿಮ್ಯುಲೇಶನ್ ಭಾಗಕ್ಕೆ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ರೀಡಿಂಗುಗಳನ್ನು ಆಗಿಂದಾಗ್ಗೆ ಪುಸ್ತಕದಲ್ಲಿ ಬರೆದುಕೊಳ್ಳಿ, ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲವಲ್ಲ!